ತಿಸಾ ನದಿಯ ಮೇಫ್ಲೈ: ಗಂಡು ಮೊದಲು ಬರುತ್ತದೆ, ಹೆಣ್ಣು ಆಮೇಲೆ. ಯಾಕೆ?

ಸೆಗೆಡ್_ಹುಡುಗಿ | ಜೂನ್ 16, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನನ್ನೂರು ಹಾಸನದ ಹತ್ತಿರ. ಈಗ ಹಂಗೇರಿಯ ಸೆಗೆಡ್‌ನಲ್ಲಿ ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಇವತ್ತು ಸಂಜೆ ನೋಡಿದ್ದನ್ನು ಯಾರಿಗಾದರೂ ಹೇಳದೆ ನಿದ್ದೆ ಬರುವ ಹಾಗಿಲ್ಲ.

ತಿಸಾ ನದಿ ಈ ಊರಿನ ಮಧ್ಯೆಯೇ ಹರಿಯುತ್ತದೆ. ಜೂನ್ ತಿಂಗಳಲ್ಲಿ ಕೆಲವೇ ದಿನ ನದಿ 'ಹೂ ಬಿಡುತ್ತದೆ' ಅಂತ ಇಲ್ಲಿಯವರು ಹೇಳುತ್ತಾರೆ. ನಿಜಕ್ಕೂ ಅದು ಹೂವಲ್ಲ, ಹುಳ. ದೊಡ್ಡ ಮೇಫ್ಲೈ. ಹೆಸರು ತಿಸಾವಿರಾಗ್. ಹಂಗೇರಿಯನ್ ಭಾಷೆಯಲ್ಲಿ ವಿರಾಗ್ ಅಂದರೆ ಹೂವು. ನಮ್ಮ 'ವಿರಾಗ'ಕ್ಕೂ ಅದಕ್ಕೂ ನಂಟಿಲ್ಲ, ಗೊತ್ತು. ಆದರೂ ಒಂದೇ ಸಂಜೆ ರೆಕ್ಕೆ ಕಟ್ಟಿಕೊಂಡು ಬದುಕುವ ಜೀವಕ್ಕೆ ಆ ಹೆಸರು ಕೇಳಿದಾಗ ಮೈ ಜುಮ್ಮೆಂದಿತು.

ನಾವು ನಾಲ್ಕು ಜನ ಊರಾಚೆ ನದಿ ದಡಕ್ಕೆ ಐದೂವರೆಗೇ ಹೋಗಿ ಕೂತಿದ್ದೆವು. ಆರು ದಾಟಿದ ಮೇಲೆ ನೀರಿನಿಂದ ಒಂದೊಂದೇ ಏಳತೊಡಗಿದವು. ಎದ್ದವು ನೇರ ದಡಕ್ಕೆ ಬಂದು ಹುಲ್ಲಿನ ಮೇಲೆ, ಮರದ ಬೇರಿನ ಮೇಲೆ, ನಮ್ಮ ಬಟ್ಟೆ ಮೇಲೆ ಕೂತವು. ನನ್ನ ತೋಳಿನ ಮೇಲೆ ಒಂದು ಕೂತು ನಡುಗುತ್ತಿತ್ತು. ಪಾಪ, ಸಾಯ್ತಾ ಇದೆ ಅಂದುಕೊಂಡೆ. ಅಷ್ಟರಲ್ಲಿ ಅದರ ಬೆನ್ನು ಉದ್ದಕ್ಕೆ ಸೀಳಿತು. ಒಳಗಿನಿಂದ ಇನ್ನೊಂದು ಹುಳ ತಲೆ ಹೊರಗೆ ಹಾಕಿತು. ಕಾಲು ಎಳೆದುಕೊಂಡಿತು. ಕೊನೆಗೆ ರೆಕ್ಕೆಯ ಮೇಲಿದ್ದ ಪೊರೆಯೂ ಕಳಚಿತು, ತೊಯ್ದ ಕೈಗವಸು ಬಿಚ್ಚಿದ ಹಾಗೆ. ಬಾಲ ಎರಡು, ಮೈಗಿಂತಲೂ ಉದ್ದ. ಪೊರೆಯ ಚೂರು ಬಾಲಕ್ಕೆ ಅಂಟಿರುವಾಗಲೇ ಹಾರಿ ಮತ್ತೆ ನದಿಗೆ ಹೋಯಿತು. ಖಾಲಿ ಪೊರೆ ನನ್ನ ತೋಳಿನ ಮೇಲೇ ಉಳಿಯಿತು. ಈಗ ಅದು ಪುಸ್ತಕದ ನಡುವೆ ಇದೆ.

ನನ್ನ ಕ್ಲಾಸ್‌ಮೇಟ್‌ನ ಅಜ್ಜಿ ಜೊತೆಗೆ ಬಂದಿದ್ದರು. "ಈಗ ಬರ್ತಿರೋದೆಲ್ಲ ಗಂಡು. ಹೆಣ್ಣು ಇನ್ನೂ ನೀರೊಳಗೇ ಇದೆ" ಅಂದರು. ಇದು ನಿಜವಾ? ನಿಜವಾದರೆ ಯಾಕೆ ಹೀಗೆ?

ಕೀಟಮೇಷ್ಟ್ರು | ಜೂನ್ 17, ಬೆಳಿಗ್ಗೆ 6:05

ಅಜ್ಜಿ ಹೇಳಿದ್ದು ಸರಿ, ನೂರಕ್ಕೆ ನೂರು. ನಾನು ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಪಾಠ ಮಾಡಿದವನು. ನಿವೃತ್ತನಾಗಿ ಒಂಬತ್ತು ವರ್ಷ ಆಯಿತು. ನಾನು ಕಣ್ಣಾರೆ ನೋಡಬೇಕು ಅಂತ ಆಸೆಪಟ್ಟು ನೋಡಲಾಗದ್ದನ್ನು ನೀನು ನೋಡಿದ್ದೀಯಮ್ಮಾ.

ನೀನು ನೋಡಿದ ಹುಳದ ಶಾಸ್ತ್ರೀಯ ಹೆಸರು ಪಾಲಿಂಜೀನಿಯಾ ಲಾಂಗಿಕಾಡಾ. ಲಾಂಗಿಕಾಡಾ ಅಂದರೆ ಉದ್ದ ಬಾಲದ್ದು. ಯುರೋಪಿನ ಮೇಫ್ಲೈಗಳಲ್ಲೆಲ್ಲ ಇದೇ ದೊಡ್ಡದು. ಬಾಲ ಸೇರಿಸಿದರೆ ಹತ್ತು ಸೆಂಟಿಮೀಟರ್ ದಾಟುತ್ತದೆ. ಮರಿಹುಳ ಮೂರು ವರ್ಷ ನದಿ ದಡದ ಜೇಡಿಮಣ್ಣಿನಲ್ಲಿ, ನೀರಿನ ಕೆಳಗೆ, ಬಿಲ ಕೊರೆದುಕೊಂಡು ಇರುತ್ತದೆ. ಅದರ ಊಟ, ಬೆಳವಣಿಗೆ ಎಲ್ಲ ಅಲ್ಲೇ ಮುಗಿಯುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ಕರುಳಿನಲ್ಲಿ ಬರೀ ಗಾಳಿ. ಡಚ್ ವೈದ್ಯ ಯಾನ್ ಸ್ವಾಮರ್‌ಡಾಮ್ 1675ರಲ್ಲಿ ಇದೇ ಹುಳವನ್ನು ಸೀಳಿ ನೋಡಿ ಒಂದು ಪುಸ್ತಕವನ್ನೇ ಬರೆದ. ಆಗ ಇದು ಹಾಲೆಂಡಿನ ನದಿಗಳಲ್ಲೂ ಇತ್ತು. ಈಗ ಅಲ್ಲಿಲ್ಲ. ಹೆಚ್ಚಾಗಿ ತಿಸಾ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಉಳಿದಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರೆಕ್ಕೆ ಬಂದ ಮೇಲೂ ಒಂದು ಸಲ ಪೊರೆ ಬಿಡುವ ಕೀಟ ಜಗತ್ತಿನಲ್ಲಿ ಮೇಫ್ಲೈ ಒಂದೇ. ಚಿಟ್ಟೆ, ಜೀರುಂಡೆ, ನೊಣ, ಯಾವುದಕ್ಕೂ ಇದು ಆಗದು. ಮರಿಹುಳದ ಪೊರೆ ಬಿಟ್ಟು ನೀರಿನಿಂದ ಎದ್ದಾಗ ಅದು ಅರೆಬೆಳೆದ ಹುಳ. ರೆಕ್ಕೆ ಮಬ್ಬಾಗಿರುತ್ತದೆ, ಅದರ ತುಂಬ ಸಣ್ಣ ಕೂದಲು. ಆ ಕೂದಲಿಂದಾಗಿ ನೀರಿನಿಂದ ಎದ್ದರೂ ರೆಕ್ಕೆ ಒದ್ದೆಯಾಗುವುದಿಲ್ಲ. ಇನ್ನೊಂದು ಪೊರೆ ಬಿಟ್ಟ ಮೇಲೆ ಪೂರ್ತಿ ಬೆಳೆದ ಹುಳ. ತಿಸಾದ ಗಂಡು ಈ ಎರಡನೇ ಪೊರೆಯನ್ನು ದಡದಲ್ಲಿ ಬಿಡುತ್ತದೆ. ನಿನ್ನ ತೋಳಿನ ಮೇಲೆ ಬಿಟ್ಟದ್ದು ಅದನ್ನೇ.

ಹೆಣ್ಣು ಅದನ್ನು ಬಿಡುವುದೇ ಇಲ್ಲ! ಅರೆಬೆಳೆದ ರೂಪದಲ್ಲೇ ಕೂಡುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ. ದಡಕ್ಕೆ ಬರುವ ಕೆಲಸವೇ ಅದಕ್ಕಿಲ್ಲ.

ಹಾಗಾಗಿ ಗಂಡಿಗೆ ಒಂದು ಕೆಲಸ ಹೆಚ್ಚು. ದಡಕ್ಕೆ ಹೋಗಬೇಕು, ಪೊರೆ ಬಿಡಬೇಕು, ವಾಪಸ್ ಬರಬೇಕು. ಹೆಣ್ಣು ಏಳುವ ಹೊತ್ತಿಗೆ ಅದು ನೀರಿನ ಮೇಲೆ ತಯಾರಾಗಿರಬೇಕು. ತಡವಾದರೆ ಮೂರು ವರ್ಷ ಮಣ್ಣಿನಲ್ಲಿ ಬದುಕಿದ್ದು ದಂಡ. ಅದಕ್ಕೇ ಮೊದಲು ಏಳುತ್ತದೆ.

ತುಂಗೆ_ದಂಡೆ | ಜೂನ್ 17, ಬೆಳಿಗ್ಗೆ 7:48

ಮೇಷ್ಟ್ರೇ, ಒಂದು ಪ್ರಶ್ನೆ. ನಮ್ಮ ಮನೆ ತೀರ್ಥಹಳ್ಳಿ ಕಡೆ. ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ರಾಶಿ ರಾಶಿ ರೆಕ್ಕೆ ಹುಳ ಬರುತ್ತವಲ್ಲ, ಅದೂ ಇದೇನಾ? ನಮ್ಮಮ್ಮ ದೀಪ ಆರಿಸಿ ಹೊರಗೆ ಬಟ್ಟಲಲ್ಲಿ ನೀರಿಟ್ಟು ಹಿಡೀತಿದ್ದರು.

ಕೀಟಮೇಷ್ಟ್ರು | ಜೂನ್ 17, ಬೆಳಿಗ್ಗೆ 8:10

ಅದು ಈಸಲು ಹುಳ. ಗೆದ್ದಲಿನ ರೆಕ್ಕೆ ಬಂದ ರಾಜ ರಾಣಿ. ಬೇರೆಯೇ ಜಾತಿ. ಬೆಳಿಗ್ಗೆ ಜಗಲಿ ತುಂಬ ಬರೀ ರೆಕ್ಕೆ ಬಿದ್ದಿರುತ್ತವಲ್ಲ, ಅದೇ ಗುರುತು. ಗೆದ್ದಲು ರೆಕ್ಕೆ ಕಳಚಿ ನೆಲಕ್ಕೆ ಇಳಿಯುತ್ತದೆ. ಮೇಫ್ಲೈ ರೆಕ್ಕೆ ಕಳಚುವುದಿಲ್ಲ. ಕೂತಾಗ ರೆಕ್ಕೆ ಬೆನ್ನ ಮೇಲೆ ನೆಟ್ಟಗೆ ನಿಂತಿರುತ್ತದೆ, ದೋಣಿಯ ಹಾಯಿಯ ಹಾಗೆ. ಮೈಮೇಲೆ ಮಡಚಿ ಮಲಗಿಸಲು ಬರುವುದಿಲ್ಲ. ಹಿಂದೆ ಎರಡೋ ಮೂರೋ ದಾರದಂಥ ಬಾಲ ಇರುತ್ತದೆ.

ನಿಮ್ಮ ತುಂಗೆಯಲ್ಲೂ ಮೇಫ್ಲೈ ಖಂಡಿತ ಇದೆ. ಸಣ್ಣವು. ಹೊಳೆಯ ಕಲ್ಲೊಂದನ್ನು ಎತ್ತಿ ತಿರುವಿ ನೋಡಿ. ಹೊಟ್ಟೆಯ ಎರಡು ಪಕ್ಕದಲ್ಲೂ ಎಲೆಯಂಥ ಕಿವಿರು ಆಡಿಸುತ್ತಾ ಚಪ್ಪಟೆ ಮರಿಹುಳ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ನೋಡಿ ಆದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.

ಈರಿ_ಕೆರೆ | ಜೂನ್ 17, ಬೆಳಿಗ್ಗೆ 9:30

ನಾನು ಅಮೆರಿಕದ ಓಹಾಯೊದಲ್ಲಿ, ಈರಿ ಸರೋವರದ ಪಶ್ಚಿಮ ದಂಡೆಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಕಡೆಯದ್ದನ್ನು ಸೇರಿಸುತ್ತೇನೆ, ಯಾಕೆಂದರೆ ಇಲ್ಲಿ ಕ್ರಮವೇ ಬೇರೆ.

ನಮ್ಮಲ್ಲಿ ಬರುವುದು ಹೆಕ್ಸಜೀನಿಯಾ ಅನ್ನುವ ಮೇಫ್ಲೈ. ಕತ್ತಲಾದ ಮೇಲೆ ನೀರಿನಿಂದ ಏಳುತ್ತದೆ. ಗಂಡು ಹೆಣ್ಣು ಎರಡೂ ಎರಡನೇ ಪೊರೆ ಬಿಡುತ್ತವೆ. ಅದಕ್ಕೆ ರಾತ್ರಿಯೆಲ್ಲ ಗೋಡೆಗೋ ಮರಕ್ಕೋ ಅಂಟಿಕೊಂಡು ಕೂತಿರುತ್ತವೆ. ಮಾರನೇ ದಿನ ನಮ್ಮ ಸೊಳ್ಳೆಪರದೆಯ ಬಾಗಿಲಿನ ತುಂಬ ಖಾಲಿ ಪೊರೆ. ಮುಟ್ಟಿದರೆ ಈರುಳ್ಳಿ ಸಿಪ್ಪೆಯ ಹಾಗೆ ಸರ್ರನೆ ಉದುರುತ್ತದೆ.

ಗಂಡು ಹೆಣ್ಣು ಗುರುತಿಸೋದು ನಮ್ಮ ಮಗಳಿಗೂ ಬರುತ್ತದೆ. ಹೆಣ್ಣು ದೊಡ್ಡದು, ಹಳದಿ ಬಣ್ಣ, ಹೊಟ್ಟೆ ತುಂಬಿರುತ್ತದೆ. ಗಂಡು ಸಣ್ಣದು, ಕಂದು. ಕಣ್ಣು ಮಾತ್ರ ಎಷ್ಟು ದೊಡ್ಡದು ಅಂದರೆ ತಲೆ ಅಂದರೆ ಕಣ್ಣೇ. ಮುಂಗಾಲು ತುಂಬಾ ಉದ್ದ. ಕೂತಾಗ ಎರಡನ್ನೂ ಮುಂದಕ್ಕೆ ಚಾಚಿಕೊಂಡಿರುತ್ತದೆ.

ಆ ಕಣ್ಣು, ಆ ಕಾಲು ಯಾಕೆ ಅಂತ ಸಂಜೆ ಗೊತ್ತಾಗುತ್ತದೆ. ಮುಸ್ಸಂಜೆಗೆ ಗಂಡುಗಳು ಮರದ ನೆತ್ತಿಯ ಹತ್ತಿರ ಗುಂಪು ಸೇರುತ್ತವೆ. ಪ್ರತಿಯೊಂದೂ ಜೋರಾಗಿ ಮೇಲೇರುತ್ತದೆ, ಆಮೇಲೆ ರೆಕ್ಕೆ ಬಾಲ ಹರಡಿ ತೇಲುತ್ತಾ ಇಳಿಯುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಇಡೀ ಗುಂಪು ಉಸಿರಾಡಿದ ಹಾಗೆ ಕಾಣುತ್ತದೆ. ಹೆಣ್ಣು ಆಚೆಯಿಂದ ಬಂದು ಈ ಗುಂಪನ್ನು ಹಾದುಹೋಗುತ್ತದೆ. ಗಂಡು ಕೆಳಗಿನಿಂದ ಅದನ್ನು ಆಕಾಶದ ಬೆಳಕಿಗೆ ಅಡ್ಡವಾಗಿ ನೋಡುತ್ತದೆ. ಕೆಳಗಿನಿಂದಲೇ ಏರಿ ಮುಂಗಾಲಿನಿಂದ ಎದೆ ಹಿಡಿಯುತ್ತದೆ. ಗಾಳಿಯಲ್ಲೇ ಕೂಡಿ ಎಲ್ಲ ಮುಗಿಯಲು ಕೆಲವೇ ಕ್ಷಣ ಸಾಕು. ಆಮೇಲೆ ಹೆಣ್ಣು ನೀರಿಗೆ ಹೋಗಿ ಎರಡು ಗೊಂಚಲಲ್ಲಿ ಸುಮಾರು ನಾಲ್ಕು ಸಾವಿರ ಮೊಟ್ಟೆ ಇಡುತ್ತದೆ.

ಆದ್ದರಿಂದ ಇಲ್ಲಿಯೂ ಗಂಡು ಕಾಯುತ್ತದೆ, ಹೆಣ್ಣು ಬರುತ್ತದೆ. ಆದರೆ ಕಾಯುವುದು ಗಾಳಿಯಲ್ಲಿ, ಅದೂ ಮಾರನೇ ಸಂಜೆ.

ಸೆಗೆಡ್_ಹುಡುಗಿ | ಜೂನ್ 17, ಮಧ್ಯಾಹ್ನ 1:15

ಅಯ್ಯೋ, ಇಷ್ಟು ಚೆನ್ನಾಗಿ ಹೇಳಿದ್ದೀರಿ ಎಲ್ಲರೂ. ಎರಡು ಗೊಂಚಲು ಯಾಕೆ ಅಂಕಲ್?

ಕೀಟಮೇಷ್ಟ್ರು | ಜೂನ್ 17, ಮಧ್ಯಾಹ್ನ 1:40

ಮೆಡಿಕಲ್ ಓದುವವಳು ಸರಿಯಾದ್ದನ್ನೇ ಕೇಳಿದೆ. ಮೇಫ್ಲೈ ಹೆಣ್ಣಿಗೆ ಮೊಟ್ಟೆ ಹೊರಬರುವ ದಾರಿ ಎರಡು, ಪಕ್ಕಪಕ್ಕದಲ್ಲಿ. ಗಂಡಿನ ಜನನಾಂಗವೂ ಎರಡು. ಬಹಳ ಹಳೆಯ ಕಾಲದ ದೇಹರಚನೆ ಇದು, ಉಳಿದ ಹೆಚ್ಚಿನ ಕೀಟಗಳಲ್ಲಿ ಒಂದಾಗಿ ಸೇರಿಹೋಗಿದೆ.

ಈರಿಯವರು ಮುಂಗಾಲಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಆ ಉದ್ದ ಮುಂಗಾಲು, ಉದ್ದ ಬಾಲ ಗಂಡಿಗೆ ಪೂರ್ತಿಯಾಗಿ ಬರುವುದು ಕೊನೆಯ ಪೊರೆ ಬಿಟ್ಟಾಗ. ಒಂದೇ ಸಲಕ್ಕೆ ಅಷ್ಟು ಉದ್ದ ಬೆಳೆಯಲಾಗದು ಅಂತಲೇ ಎರಡು ಸಲ ಪೊರೆ ಬಿಡುವುದು ಉಳಿದುಕೊಂಡಿರಬೇಕು ಅನ್ನುವ ವಾದವಿದೆ. ನನಗೆ ಅದು ಒಪ್ಪಿಗೆ. ತಿಸಾದಲ್ಲಿ ಹೆಣ್ಣು ಆ ಪೊರೆಯನ್ನು ಬಿಟ್ಟುಕೊಟ್ಟಿರುವುದೇ ಇದಕ್ಕೆ ಸಾಕ್ಷಿಯ ಹಾಗಿದೆ. ಹೆಣ್ಣಿಗೆ ಯಾರನ್ನೂ ಹಿಡಿಯಬೇಕಿಲ್ಲ. ಉದ್ದ ಕಾಲು ಬೇಡ. ಅಷ್ಟು ಶಕ್ತಿಯನ್ನು ಮೊಟ್ಟೆಗೆ, ಹಾರಾಟಕ್ಕೆ ಇಟ್ಟುಕೊಂಡಿದೆ.

ಸಂಶಯ_ಇದೆ | ಜೂನ್ 17, ಸಂಜೆ 4:22

ನನಗೆ ಒಂದು ವಿಷಯ ಗಂಟಲಲ್ಲಿ ಇಳಿಯುತ್ತಿಲ್ಲ. ಮೊದಲು ಬಂದವರಿಗೆ ಅಪಾಯ ಜಾಸ್ತಿ ಅಲ್ವಾ? ಹಕ್ಕಿ, ಮೀನು ಎಲ್ಲ ಕಾಯ್ತಾ ಇರುತ್ತವೆ. ಎಲ್ಲರ ಜೊತೆ ಗುಂಪಲ್ಲಿ ಬಂದರೇನೇ ಕ್ಷೇಮ. ಹಾಗಿರುವಾಗ ಗಂಡು ಮುಂಚೆ ಬಂದು ಸಾಯೋದು ಯಾಕೆ?

ಕೀಟಮೇಷ್ಟ್ರು | ಜೂನ್ 17, ಸಂಜೆ 5:00

ನಿಮ್ಮ ಸಂಶಯ ನ್ಯಾಯವಾದದ್ದು. ಎರಡು ಎಳೆತ ಇದೆ ಇಲ್ಲಿ. ಒಂದು, ಎಲ್ಲರ ಜೊತೆ ಏಳಬೇಕು. ಇನ್ನೊಂದು, ಗಂಡು ಹೆಣ್ಣಿಗಿಂತ ಮುಂಚೆ ಏಳಬೇಕು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಆಗ್ನೇಯ ಭಾಗದ ಮರಳು ಹೊಳೆಗಳ ಡೊಲಾನಿಯಾ ಅಮೆರಿಕಾನಾ ಎಂಬ ಮೇಫ್ಲೈ. ಸ್ವೀನಿ ಮತ್ತು ವ್ಯಾನೋಟ್ ಎಂಬಿಬ್ಬರು ದಕ್ಷಿಣ ಕ್ಯಾರೊಲಿನಾದ ಒಂದು ಹೊಳೆಯಲ್ಲಿ ಇದನ್ನು ಎಣಿಸಿ 1982ರಲ್ಲಿ ಪ್ರಕಟಿಸಿದರು. ಜಾಸ್ತಿ ಹುಳ ಎದ್ದ ದಿನ ಒಂದೊಂದು ಹುಳಕ್ಕೆ ಸಾಯುವ ಅಪಾಯ ಕಡಿಮೆ. ತಿನ್ನುವವರ ಹೊಟ್ಟೆ ತುಂಬಿಹೋಗುತ್ತದೆ, ಮಿಕ್ಕವು ಪಾರಾಗುತ್ತವೆ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಯವರು ಹೋಳಿಗೆಯನ್ನು ಅರ್ಧ ಬಿಟ್ಟು ಏಳುವುದಿಲ್ಲವೇ, ಹಾಗೆ.

ಡೊಲಾನಿಯಾದ ಹೆಣ್ಣು ರೆಕ್ಕೆ ಬಂದ ಮೇಲೆ ಬದುಕುವುದು ಐದು ನಿಮಿಷಕ್ಕೂ ಕಡಿಮೆ. ಸೂರ್ಯ ಹುಟ್ಟುವ ಮುಂಚೆ ಎದ್ದು, ಕೂಡಿ, ಮೊಟ್ಟೆ ಇಟ್ಟು ಮುಗಿಯಿತು. ಅಲ್ಲೂ ಹೆಣ್ಣು ಕೊನೆಯ ಪೊರೆ ಬಿಡುವುದಿಲ್ಲ. ಅಲ್ಲೂ ಗಂಡು ಮುಂಚೆ ಎದ್ದು ಕಾದಿರುತ್ತದೆ. ಗಂಡಿನ ಆಯಸ್ಸು ಅರ್ಧ ಗಂಟೆಯ ಸುತ್ತಮುತ್ತ.

ಐದು ನಿಮಿಷದ ಆಯಸ್ಸಿನ ಹೆಣ್ಣಿಗೆ ಕಾಯಲು ಪುರುಸೊತ್ತಿಲ್ಲ. ಆದ್ದರಿಂದ ಕಾಯುವ ಪಾಲು ಗಂಡಿಗೆ ಬಂದಿದೆ. ತೀರಾ ಬೇಗ ಎದ್ದರೆ ಹಕ್ಕಿಯ ಬಾಯಿಗೆ, ತಡವಾದರೆ ಹೆಣ್ಣಿಲ್ಲ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಅದು ಏಳುತ್ತದೆ.

ತುಂಗೆ_ದಂಡೆ | ಜೂನ್ 17, ಸಂಜೆ 5:31

ಗಡಿಯಾರ ಇಲ್ಲದೆ ಆ ದಿನ, ಆ ಹೊತ್ತು ಹೇಗೆ ಗೊತ್ತಾಗುತ್ತದೆ?

ಕೀಟಮೇಷ್ಟ್ರು | ಜೂನ್ 17, ಸಂಜೆ 6:12

ಮುಖ್ಯವಾಗಿ ನೀರಿನ ಬಿಸಿ, ಆಮೇಲೆ ಬೆಳಕು. ವಸಂತದಿಂದ ನೀರು ಎಷ್ಟು ಬಿಸಿಯಾಗುತ್ತಾ ಬಂತು ಎಂಬುದರ ಮೇಲೆ ಮರಿಹುಳ ಪಕ್ವವಾಗುತ್ತದೆ. ತಿಸಾದಲ್ಲಿ ಹೂ ಬಿಡುವುದು ಮೊದಲು ನದಿ ಹರಿದು ಸಾಗುವ ಕೆಳಗಿನ ಪ್ರದೇಶದಲ್ಲಿ, ಆಮೇಲೆ ಉಗಮದ ಕಡೆಯ ಮೇಲಿನ ಪ್ರದೇಶದಲ್ಲಿ. ಅಲ್ಲಿ ನೀರು ತಡವಾಗಿ ಬಿಸಿಯಾಗುತ್ತದೆ. ದಿನದ ಯಾವ ಹೊತ್ತು ಅನ್ನುವುದು ಬೆಳಕಿನ ಏರಿಳಿತದಿಂದ. ಬಹಳ ಜಾತಿಗಳಲ್ಲಿ ಗಂಡಿನ ಮೈ ಸಣ್ಣದು, ಹೆಣ್ಣಿಗೆ ಮೊಟ್ಟೆ ತುಂಬಿಕೊಳ್ಳಲು ಇನ್ನಷ್ಟು ದಿನ ಬೇಕು. ಹಾಗಾಗಿ ಇಡೀ ಋತುವನ್ನು ತೆಗೆದುಕೊಂಡರೂ ಮೊದಲ ದಿನಗಳಲ್ಲಿ ಗಂಡಿನ ಸಂಖ್ಯೆ ಜಾಸ್ತಿ.

ಚಂದ್ರನನ್ನು ನೋಡಿ ಏಳುವ ಮೇಫ್ಲೈ ಕೂಡ ಇದೆ. ಆಫ್ರಿಕಾದ ವಿಕ್ಟೋರಿಯಾ ಸರೋವರದ ಪೊವಿಲ್ಲಾ ಹುಣ್ಣಿಮೆಯ ಮಗ್ಗುಲಿನ ದಿನಗಳಲ್ಲೇ ದೊಡ್ಡ ಸಂಖ್ಯೆಯಲ್ಲಿ ಏಳುತ್ತದೆ. 1955ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಸೆಗೆಡ್ ಹುಡುಗಿ, ಹೂ ಬಿಡುವುದು ಇನ್ನೂ ಎರಡು ಮೂರು ದಿನ ಇರಬಹುದು. ಇನ್ನೊಮ್ಮೆ ಹೋಗಮ್ಮಾ. ಮೊದಲ ಗಂಡು ಎಷ್ಟು ಗಂಟೆಗೆ, ಮೊದಲ ಹೆಣ್ಣು ಎಷ್ಟು ಗಂಟೆಗೆ, ಬರೆದುಕೋ. ಹೆಣ್ಣಿನ ಬಾಲ ಗಿಡ್ಡ, ಮೈ ದಪ್ಪ. ದಡದಲ್ಲಿ ಹುಡುಕಬೇಡ, ನೀರಿನ ಮೇಲೆ ನೋಡು. ಕೂಡಿದ ಮೇಲೆ ಹೆಣ್ಣು ಯಾವ ಕಡೆ ಹೋಗುತ್ತದೆ ಅದನ್ನೂ ನೋಡು. ಅದು ಬಹಳ ಮುಖ್ಯ.

ಈರಿ_ಕೆರೆ | ಜೂನ್ 17, ರಾತ್ರಿ 8:45

ಅವಳು ಹೋಗಿ ಬರುವಷ್ಟರಲ್ಲಿ ಒಂದು ಮಾತು. ಇದೆಲ್ಲ ಎಂದಿಗೂ ಇರುತ್ತದೆ ಅಂತ ತಿಳಿಯಬೇಡಿ. 1953ರ ಸೆಪ್ಟೆಂಬರ್‌ನಲ್ಲಿ ಗಾಳಿಯಿಲ್ಲದ ಕೆಲವು ದಿನ ಈರಿಯ ಪಶ್ಚಿಮ ಭಾಗದ ತಳದಲ್ಲಿ ಆಮ್ಲಜನಕ ಮುಗಿದುಹೋಯಿತು. ಕೆಸರಿನಲ್ಲಿದ್ದ ಮರಿಹುಳ ರಾಶಿ ರಾಶಿ ಸತ್ತವು. ಆಮೇಲೆ ಸುಮಾರು ನಲವತ್ತು ವರ್ಷ ಇಲ್ಲಿ ಹೇಳಿಕೊಳ್ಳುವಷ್ಟು ಮೇಫ್ಲೈ ಇರಲಿಲ್ಲ. ನೀರು ಸುಧಾರಿಸಿ 1990ರ ದಶಕದಲ್ಲಿ ವಾಪಸ್ ಬಂದವು. ಈಗ ಹವಾಮಾನದ ರಾಡಾರ್‌ನಲ್ಲಿ ಮಳೆ ಮೋಡದ ಹಾಗೆ ಕಾಣುತ್ತವೆ. ರಾಡಾರ್ ಲೆಕ್ಕದಲ್ಲಿ ಒಂದು ವರ್ಷಕ್ಕೆ 8,800 ಕೋಟಿಯವರೆಗೂ ಎದ್ದದ್ದಿದೆ. ಆದರೆ ಅದೇ ಲೆಕ್ಕ 2012ರಿಂದ ಸಂಖ್ಯೆ ಅರ್ಧಕ್ಕಿಂತ ಜಾಸ್ತಿ ಇಳಿದಿದೆ ಅಂತಲೂ ಹೇಳಿತು. ಅದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ಅವು ಬಂದಾಗ ರಸ್ತೆ ಜಾರುತ್ತದೆ, ಸತ್ತ ಮೀನಿನ ವಾಸನೆ, ಎಲ್ಲ ನಿಜ. ಆದರೂ ಬರಲಿ.

ಸೆಗೆಡ್_ಹುಡುಗಿ | ಜೂನ್ 18, ರಾತ್ರಿ 12:05

ಮೇಷ್ಟ್ರೇ, ಹೋಗಿ ಬಂದೆ. ಈ ಸಲ ಒಬ್ಬರ ಸಣ್ಣ ದೋಣಿಯಲ್ಲಿ ಕೂತಿದ್ದೆ. ನೋಟ್‌ಬುಕ್‌ನಲ್ಲಿ ಬರೆದದ್ದು ಹೀಗಿದೆ.

ಮೊದಲ ಗಂಡು 6:02ಕ್ಕೆ. ಆರೂವರೆಯ ಹೊತ್ತಿಗೆ ದಡದ ಹುಲ್ಲು ಕಾಣದಷ್ಟು ಹುಳ, ಎಲ್ಲವೂ ಪೊರೆ ಬಿಡುತ್ತಿದ್ದವು. ಬಿಟ್ಟವು ನೀರಿಗೆ ವಾಪಸ್ ಬಂದು ಹಾರಾಡುತ್ತಿದ್ದವು. ಎಷ್ಟು ತಗ್ಗಿನಲ್ಲಿ ಅಂದರೆ ಬಾಲದ ತುದಿ ನೀರನ್ನು ಗೀರುತ್ತಿತ್ತು. ಒಂದೊಂದರ ಹಿಂದೆಯೂ ಎರಡು ಸಣ್ಣ ಗೆರೆ. ಹೆಣ್ಣು ಒಂದೂ ಇಲ್ಲ.

ಮೊದಲ ಹೆಣ್ಣು 6:47ಕ್ಕೆ. ನನ್ನ ಪಕ್ಕದಲ್ಲೇ ಎದ್ದಿತು. ನೀರಿನ ಮೇಲೆ ಮರಿಹುಳದ ಪೊರೆಯಿಂದ ಅರ್ಧ ಹೊರಗೆ ಬಂದಿತ್ತು ಅಷ್ಟೇ, ಒಂದು ಗಂಡು ಬಂದು ಹಿಡಿಯಿತು. ಕಣ್ಣು ಮಿಟುಕಿಸುವುದರಲ್ಲಿ ಇನ್ನೂ ಐದಾರು. ಎಲ್ಲವೂ ಹೆಣ್ಣಿನ ಸುತ್ತ ತಲೆ ಒಳಗೆ, ಬಾಲ ಹೊರಗೆ. ಮೇಲಿನಿಂದ ನೋಡಿದರೆ ಥೇಟ್ ಸೇವಂತಿಗೆ ಹೂವು ನೀರಲ್ಲಿ ತೇಲಿದ ಹಾಗೆ. ಇದನ್ನು ಯಾಕೆ ಹೂವು ಅಂತಾರೆ ಅಂತ ಆಗ ಅರ್ಥವಾಯಿತು.

ಗಂಡುಗಳು ಅಲ್ಲೇ ಉಳಿದವು. ಎಂಟರ ಹೊತ್ತಿಗೆ ಹೆಚ್ಚಿನವು ನೀರಿನ ಮೇಲೆ ರೆಕ್ಕೆ ಚಾಚಿ ಬಿದ್ದಿದ್ದವು. ಹೆಣ್ಣುಗಳು ಮಾತ್ರ ಮೇಲೆದ್ದು ನದಿಯ ನಡುಮಧ್ಯದಲ್ಲಿ ಸಾಲುಗಟ್ಟಿ ಹೊರಟವು. ಎಲ್ಲವೂ ಒಂದೇ ದಿಕ್ಕಿಗೆ, ಪ್ರವಾಹಕ್ಕೆ ಎದುರು. ನಾವೂ ದೋಣಿಯನ್ನು ಅದೇ ಕಡೆ ತಿರುಗಿಸಿದೆವು. ಮುಂದೆ ಒಂದು ಸೇತುವೆ ಬಂತು. ಅಲ್ಲಿ ಅವು ನಿಂತುಬಿಟ್ಟವು ಮೇಷ್ಟ್ರೇ. ಮೇಲೆ ಹಾರುತ್ತವೆ, ಸುತ್ತುತ್ತವೆ, ವಾಪಸ್ ತಿರುಗುತ್ತವೆ, ಮತ್ತೆ ಬರುತ್ತವೆ. ಸೇತುವೆ ಕೆಳಗೆ ಬೇಕಾದಷ್ಟು ಜಾಗ ಇದೆ. ಯಾಕೆ ಹೋಗಲ್ಲ?

ಕೀಟಮೇಷ್ಟ್ರು | ಜೂನ್ 18, ಬೆಳಿಗ್ಗೆ 5:50

ಓದಿ ಕಣ್ಣು ತುಂಬಿತು. 45 ನಿಮಿಷದ ಅಂತರ. ಆ ನೋಟ್‌ಬುಕ್ ಜೋಪಾನ ಮಾಡು.

ಎದುರು ಹಾರುವುದು ಯಾಕೆಂದರೆ, ಮೊಟ್ಟೆ ನೀರಿಗೆ ಬಿದ್ದ ಮೇಲೆ ತಳ ಮುಟ್ಟುವ ತನಕ ಪ್ರವಾಹದ ಜೊತೆ ಕೆಳಗೆ ಹೋಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ಹಾಗೇ ಜಾರುತ್ತಾ ಹೋದರೆ ಜಾತಿಯೇ ಕೆಳಗೆ ಕೊಚ್ಚಿಹೋದೀತು. ಅದನ್ನು ಸರಿದೂಗಿಸಲು ಹೆಣ್ಣು ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ ಹಾರಿ ಮೊಟ್ಟೆ ಇಡುತ್ತದೆ. ಕೊನೆಯ ಪೊರೆಗೆ ಖರ್ಚಾಗದ ಶಕ್ತಿ ಇಲ್ಲಿ ಕೆಲಸಕ್ಕೆ ಬರುತ್ತದೆ ಅಂತ ನನಗನ್ನಿಸುತ್ತದೆ.

ಸೇತುವೆಯ ವಿಷಯವನ್ನು ಹಂಗೇರಿಯ ವಿಜ್ಞಾನಿಗಳೇ ತಿಸಾದಲ್ಲಿ ಅಧ್ಯಯನ ಮಾಡಿ 2011ರಲ್ಲಿ ಬರೆದಿದ್ದಾರೆ. ನೀರಿಗೆ ತಾಗಿ ಬರುವ ಬೆಳಕು ಅಡ್ಡಡ್ಡವಾಗಿ ಕಂಪಿಸುತ್ತದೆ, ಅಂದರೆ ಪೋಲರೈಸ್ ಆಗಿರುತ್ತದೆ. ನಮ್ಮ ಕಣ್ಣಿಗೆ ಅದು ತಿಳಿಯದು, ಮೇಫ್ಲೈಗೆ ತಿಳಿಯುತ್ತದೆ. ಆ ಬೆಳಕೇ ಅದಕ್ಕೆ ದಾರಿ. ಸೇತುವೆ ಮತ್ತು ಅದರ ನೆರಳು ಬಂದಲ್ಲಿ ಆ ಬೆಳಕಿನ ಪಟ್ಟಿ ತುಂಡಾಗುತ್ತದೆ. ಹುಳದ ಮಟ್ಟಿಗೆ ನದಿ ಅಲ್ಲಿಗೆ ಮುಗಿಯಿತು. ಹೆಚ್ಚಿನವು ಹಿಂದಿರುಗುತ್ತವೆ, ಸುಸ್ತಾಗಿ ಸೇತುವೆ ದಾಟದೆ ಈಚೆಗಿನ ನೀರಿನಲ್ಲೇ ಮೊಟ್ಟೆ ಇಡುತ್ತವೆ.

ಇದೇ ಕಾರಣಕ್ಕೆ ಡಾಂಬರು ರಸ್ತೆಯನ್ನು ನೀರು ಅಂತ ತಿಳಿದು ಅದರ ಮೇಲೆ ಮೊಟ್ಟೆ ಇಡುವ ಮೇಫ್ಲೈಗಳೂ ಇವೆ. 1998ರಲ್ಲಿ ಹಂಗೇರಿಯವರೇ ಅದನ್ನೂ ತೋರಿಸಿಕೊಟ್ಟರು. ಒಣ ಡಾಂಬರು ಕೆಲವೊಮ್ಮೆ ನೀರಿಗಿಂತ ಹೆಚ್ಚು 'ನೀರಿನಂತೆ' ಹೊಳೆಯುತ್ತದೆ.

ಸಂಶಯ_ಇದೆ | ಜೂನ್ 18, ಬೆಳಿಗ್ಗೆ 7:02

ನನ್ನ ಸಂಶಯ ತೀರಿತು. ಒಂದೇ ಒಂದು ಉಳಿದಿದೆ. ಗಂಡು ಸಿಗದ ಹೆಣ್ಣಿನ ಗತಿ?

ಕೀಟಮೇಷ್ಟ್ರು | ಜೂನ್ 18, ಬೆಳಿಗ್ಗೆ 7:20

ಅದೂ ಮೊಟ್ಟೆ ಇಡುತ್ತದೆ. ಹಲವು ಮೇಫ್ಲೈಗಳಲ್ಲಿ ಗಂಡಿನ ಸಂಪರ್ಕ ಇಲ್ಲದ ಮೊಟ್ಟೆಯೂ ಸ್ವಲ್ಪ ಮಟ್ಟಿಗೆ ಒಡೆದು ಮರಿಯಾಗುತ್ತದೆ.

ಸೆಗೆಡ್_ಹುಡುಗಿ | ಜೂನ್ 18, ರಾತ್ರಿ 10:40

ಇವತ್ತು ಸೇತುವೆಯಿಂದ ಮೇಲೆ ಎರಡು ಕಿಲೋಮೀಟರ್ ಹೋಗಿ ಕೂತಿದ್ದೆ. ಗಂಡು ಬಂದದ್ದು 6:10ಕ್ಕೆ, ನೂರರಷ್ಟೂ ಇರಲಿಲ್ಲ. ಹೆಣ್ಣು 6:50ಕ್ಕೆ, ನನಗೆ ಕಂಡದ್ದು ಹನ್ನೊಂದು. ಇಲ್ಲಿ ಹೂ ಮುಗಿಯುತ್ತಾ ಬಂತು ಅಂತ ಅಜ್ಜಿ ಹೇಳಿದರು. ಸೊಲ್ನೋಕ್ ಕಡೆ, ನದಿಯ ಮೇಲ್ಭಾಗದಲ್ಲಿ, ಇನ್ನು ಶುರುವಾಗಬೇಕಂತೆ. ಅಲ್ಲಿ ಒಂದು ಪಾದಚಾರಿ ಸೇತುವೆಗೇ ತಿಸಾವಿರಾಗ್ ಅಂತ ಹೆಸರಿದೆ. ಶನಿವಾರ ಬೆಳಿಗ್ಗೆಯ ರೈಲಿಗೆ ಟಿಕೆಟ್ ತೆಗೆದುಕೊಂಡಿದ್ದೇನೆ. ನೋಟ್‌ಬುಕ್ ಬ್ಯಾಗಿನಲ್ಲಿದೆ ಮೇಷ್ಟ್ರೇ.